ಹೆಸರು ಕಳಚಿದ ಬರಹಗಳ ಬಗ್ಗೆ ಗ್ರೂಪ್ ಅಡ್ಮಿನ್ ಮಹನೀಯರಿಗೆ ಒಂದು ಬಹಿರಂಗ ಪತ್ರ

ಧಾರವಾಡ
1 ನವೆಂಬರ್ 2025

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಎಲ್ಲ ವಾಟ್ಸ್‌ಆ್ಯಪ್ ಗ್ರೂಪುಗಳ ಅಡ್ಮಿನ್ ಮಹನೀಯರಿಗೆ ಶರಣು ಶರಣಾರ್ಥಿಗಳು.

ಇಂದು ರಾಜ್ಯೋತ್ಸವ. ಮುಂಜಾನೆ ಆರರಿಂದ ಒಂಬತ್ತರೊಳಗೆ ಕನ್ನಡದ ಹಿರಿಮೆ ಸಾರುವ ಹನ್ನೊಂದು ಬರಹಗಳು ನನ್ನ ಫೋನಿಗೆ ಬಂದವು. ಒಂಬತ್ತಕ್ಕೆ ಬರೆದವರ ಹೆಸರೇ ಇರಲಿಲ್ಲ. ಒಂದಕ್ಕೆ ಹೆಸರಿತ್ತು, ಆದರೆ ಅದು ಬರೆದವರದಾಗಿರಲಿಲ್ಲ. ಉಳಿದ ಒಂದು ಮಾತ್ರ ಹೆಸರು, ಊರು, ತಾರೀಖು ಎಲ್ಲವನ್ನೂ ಹೊತ್ತುಕೊಂಡು ನೆಟ್ಟಗೆ ಬಂದಿತ್ತು. ಅದನ್ನು ಕಳಿಸಿದವರು ನಮ್ಮ ಓಣಿಯ ನಿವೃತ್ತ ಪೋಸ್ಟ್‌ಮಾಸ್ತರರು. ವಿಳಾಸವಿಲ್ಲದ ಕಾಗದವನ್ನು ಮುಂದೆ ಸಾಗಿಸಿ ಅವರಿಗೆ ರೂಢಿಯಿಲ್ಲ.

ಈ ಪತ್ರವನ್ನು ಮಂತ್ರಿಗಳಿಗೋ, ಪೊಲೀಸ್ ಆಯುಕ್ತರಿಗೋ, ಕಂಪನಿಯವರಿಗೋ ಬರೆಯಬಹುದಿತ್ತು. ಆದರೆ ಈ ಭಾಗದಲ್ಲಿ ಒಂದು ಮಾತು ಯಾವ ರೂಪದಲ್ಲಿ, ಎಷ್ಟು ಮಂದಿಗೆ, ಎಷ್ಟು ಹೊತ್ತಿಗೆ ಮುಟ್ಟಬೇಕೆಂಬುದು ಈಗ ನಿಮ್ಮ ಕೈಯಲ್ಲಿದೆ. ಎಸ್ಸೆಸ್ಸೆಲ್ಸಿ ಬ್ಯಾಚಿನ ಗೆಳೆಯರ ಗ್ರೂಪು, ಕೆರೆ ದಂಡೆಯಲ್ಲಿ ವಾಯುವಿಹಾರ ಮಾಡುವವರ ಗ್ರೂಪು, ಹಾಲಿನ ಸೊಸೈಟಿಯ ಗ್ರೂಪು, ಬೀಗರ ಗ್ರೂಪು, ಭಜನಾ ಮಂಡಳಿಯ ಗ್ರೂಪು, ಇವುಗಳೆಲ್ಲದರ ಬಾಗಿಲಲ್ಲಿ ಕೂತಿರುವವರು ನೀವು. 2022ರಿಂದ ಒಂದು ಗ್ರೂಪಿನಲ್ಲಿ 1024 ಮಂದಿಯವರೆಗೆ ಸೇರಿಸಬಹುದು. ಅಷ್ಟು ದೊಡ್ಡ ಗ್ರೂಪು ಎಂದರೆ ಒಂದು ಸಣ್ಣ ಊರೇ ಆಯಿತು, ಅದರ ಪಟೇಲರು ನೀವು. ಈ ಪಟ್ಟ ನಿಮಗೆ ಕೇಳದೆ ಬಂದದ್ದು ಎಂಬುದನ್ನೂ ಬಲ್ಲೆ, ಏಕೆಂದರೆ ನಲವತ್ತಮೂರು ಮಂದಿಯಿರುವ ನಮ್ಮ ಮನೆತನದ ಗ್ರೂಪಿಗೆ ನಾನೇ ಅಡ್ಮಿನ್ ಆಗಿದ್ದು, ಕೂಡಿಸಿದ ಭಾವನವರು ಫೋನ್ ಕಳೆದುಕೊಂಡಿದ್ದರಿಂದ.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ, ತವರು ಬ್ಯಾಡಗಿ ತಾಲ್ಲೂಕು. ಹತ್ತು ವರ್ಷಗಳಿಂದ ಅಂತರ್ಜಾಲದಲ್ಲಿ 'ಬ್ಯಾಡಗಿಯವಳು' ಎಂಬ ಅಂಕಿತದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರಿಂದ ನನಗೆ ಒಂದು ರೂಪಾಯಿಯ ಆದಾಯವೂ ಇಲ್ಲ, ಅದರ ಬಗ್ಗೆ ಈ ಪತ್ರದಲ್ಲಿ ತಕರಾರೂ ಇಲ್ಲ.

2022ರ ಫೆಬ್ರುವರಿಯಲ್ಲಿ ನಮ್ಮೂರ ಕಡೆಯ ಮೆಣಸಿನಕಾಯಿಯ ಬಗ್ಗೆ ಒಂದು ಲೇಖನ ಬರೆದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು, ಅದರಲ್ಲಿ ಖಾರ ಕಡಿಮೆಯಿದ್ದು ಬಣ್ಣ ಹೆಚ್ಚಿರುವುದು, ಆ ಬಣ್ಣವನ್ನು ಎಣ್ಣೆಯ ರೂಪದಲ್ಲಿ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೆ ಬಳಸುವುದು, ಇಷ್ಟನ್ನೂ ಮೊದಲಿನ ನಾಲ್ಕು ಪ್ಯಾರಾಗಳಲ್ಲಿ ಹೇಳಿದ್ದೆ. ಆದರೆ ನಾನು ಬರೆಯಲು ಕೂತದ್ದು ಐದನೆಯ ಪ್ಯಾರಾಕ್ಕಾಗಿ. ಸುಗ್ಗಿಯ ದಿನಗಳಲ್ಲಿ ಕೂಲಿಗೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಬಗ್ಗೆ ಆ ಪ್ಯಾರಾ ಇತ್ತು. ನಮ್ಮವ್ವ ಆ ಕೆಲಸ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂಡುತ್ತಿದ್ದಳು, ಉಗುರಿನ ಸಂದಿಯ ಉರಿ ಆದರೂ ಹೋಗುತ್ತಿರಲಿಲ್ಲ. ನನ್ನ ತಮ್ಮ ಎಳೆಗೂಸಾಗಿದ್ದಾಗ ಅವನ ಕಣ್ಣೊರೆಸಲು ಅವಳು ಎಂದೂ ಬೆರಳು ಬಳಸಲಿಲ್ಲ, ಮೊಣಕೈ ಮಡಚಿ ಕುಪ್ಪಸದ ತೋಳಿನಿಂದ ಒರೆಸುತ್ತಿದ್ದಳು.

ಲೇಖನ ಹಾಕಿದ ಅರ್ಧ ಗಂಟೆಗೆ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರ ಗುಮಾಸ್ತರು ಫೋನ್ ಮಾಡಿದರು. "ಅಕ್ಕಾವ್ರ, ನೀವು ಡಬ್ಬಿನ ಕಡ್ಡಿ ಮಾಡೀರಿ, ಕಡ್ಡಿನ ಡಬ್ಬಿ ಮಾಡೀರಿ ನೋಡ್ರಿ" ಎಂದರು. ನಿಜ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಗಿಡ್ಡಗೆ ದಪ್ಪಗಿದ್ದು ಬೀಜ ಹೆಚ್ಚಿರುವುದು ಡಬ್ಬಿ, ಉದ್ದಗೆ ತೆಳ್ಳಗಿದ್ದು ಬೀಜ ಕಡಿಮೆಯಿರುವುದು ಕಡ್ಡಿ. ಬರೆಯುವ ಭರದಲ್ಲಿ ಅದಲು ಬದಲಾಗಿತ್ತು. ಬ್ಯಾಡಗಿಯಲ್ಲಿ ಹುಟ್ಟಿದವಳು ಇಂಥ ತಪ್ಪು ಮಾಡುವುದು ನಾಚಿಕೆಯ ಸಂಗತಿ. ಆ ಕ್ಷಣವೇ ತಿದ್ದಿದೆ, ಕೆಳಗೆ ಅವರಿಗೆ ಕೃತಜ್ಞತೆಯನ್ನೂ ಬರೆದೆ.

ಆದರೆ ಆ ಅರ್ಧ ಗಂಟೆಯಲ್ಲಿ ಯಾರೋ ಪುಣ್ಯಾತ್ಮರು ಲೇಖನವನ್ನು ಕಾಪಿ ಮಾಡಿಕೊಂಡಿದ್ದರು. ಮೂರು ವಾರದ ನಂತರ ಅದು ನಮ್ಮ ಮನೆತನದ ಗ್ರೂಪಿಗೇ ಬಂತು. ಅಂಕಿತವಿರಲಿಲ್ಲ. 'ನಮ್ಮ ಬ್ಯಾಡಗಿ' ಎಂದು ನಾನು ಬರೆದಿದ್ದ ಕಡೆಯಲ್ಲೆಲ್ಲ 'ಕರ್ನಾಟಕದ ಬ್ಯಾಡಗಿ' ಎಂದಾಗಿತ್ತು. ಅವ್ವನ ಪ್ಯಾರಾ ಪೂರ್ತಿ ಮಾಯವಾಗಿ, ಆ ಜಾಗದಲ್ಲಿ ದಿನಕ್ಕೆರಡು ಮೆಣಸಿನಕಾಯಿ ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ, ನಾನು ಕನಸಿನಲ್ಲಿಯೂ ಬರೆಯದ ಸಾಲು ಸೇರಿತ್ತು. ಕೊನೆಗೆ 'ಹತ್ತು ಜನರಿಗೆ ಕಳಿಸಿ' ಎಂಬ ಅಪ್ಪಣೆ. ಡಬ್ಬಿ-ಕಡ್ಡಿಯ ತಪ್ಪು ಮಾತ್ರ ನಾನು ಬರೆದಂತೆಯೇ, ಒಂದು ಅಕ್ಷರವೂ ಮುಕ್ಕಾಗದೆ ಉಳಿದಿತ್ತು. ಅದನ್ನು ಕಳಿಸಿದ ನಮ್ಮ ಕಾಕಾ ಕೆಳಗೆ ನನ್ನ ಹೆಸರು ಹಿಡಿದು, "ಬರದ್ರ ಹಿಂಗ ಬರೀಬೇಕು ನೋಡವಾ" ಎಂದು ಬುದ್ಧಿಮಾತನ್ನೂ ಸೇರಿಸಿದ್ದರು.

ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ, ನಾನೂ ನಕ್ಕಿದ್ದೇನೆ. ನಗು ಮುಗಿದ ಮೇಲೆ ಬರುವ ಮಾತು ಒಂದೇ: "ಒಳ್ಳೇ ಮಾತು ನಾಕ್ ಮಂದಿಗೆ ಮುಟ್ಟಿದ್ರ ಸಾಕಲ್ರೀ, ಹೆಸರಿಗೆ ಯಾಕ ಬಡದಾಡ್ತೀರಿ?" ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಇಷ್ಟು ದೊಡ್ಡ ಪತ್ರ ಬರೆಯಬೇಕಾಗಿ ಬಂದಿದೆ.

ಬರಹದ ಕೆಳಗಿನ ಹೆಸರನ್ನು ಜನ ಬರೆದವರ ಕೊರಳ ಹಾರವೆಂದು ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಮನೆಯ ನಂಬರು. ಆ ಗುಮಾಸ್ತರು ಅರ್ಧ ಗಂಟೆಯಲ್ಲಿ ನನ್ನನ್ನು ಹಿಡಿದು ತಪ್ಪು ತೋರಿಸಲು ಸಾಧ್ಯವಾದದ್ದು ಲೇಖನದ ಕೆಳಗೆ ಅಂಕಿತ ಇದ್ದದ್ದರಿಂದ. ಅದನ್ನು ಕಿತ್ತ ಮೇಲೆ ಆ ತಪ್ಪು ಮೂರು ವರ್ಷಗಳಿಂದ ಊರೂರು ತಿರುಗುತ್ತಿದೆ. ಓದಿದವರಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಬಲ್ಲವರು ಎಷ್ಟೋ ಮಂದಿ ಇದ್ದಿರಬೇಕು, ಆದರೆ ಅವರು ಯಾರಿಗೆ ಫೋನ್ ಮಾಡಬೇಕು? ಸಕ್ಕರೆ ಕಾಯಿಲೆಯ ಸಾಲನ್ನು ನಂಬಿ ಯಾರಾದರೂ ಗುಳಿಗೆ ಬಿಟ್ಟಿದ್ದರೆ ಅದಕ್ಕೆ ಯಾರನ್ನು ಕೇಳಬೇಕು?

ಹೆಸರಿನ ಜೊತೆಗೆ ತಾರೀಖೂ ಹೋಗುತ್ತದೆ, ಅದರ ಹಾನಿ ಇನ್ನೂ ಹೆಚ್ಚು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. 2023ರ ಜನವರಿ 26 ಗುರುವಾರ ಬಿದ್ದಿತ್ತು. ದೂರದಿಂದ ಮಾಲು ತರುವ ರೈತರಿಗೆ ಅನುಕೂಲವಾಗಲೆಂದು ಎರಡು ದಿನ ಮುಂಚೆ 'ಈ ಗುರುವಾರ ರಜೆ, ಟೆಂಡರ್ ಇರುವುದಿಲ್ಲ' ಎಂದು ನಾನು ಒಂದು ಸಾಲು ಹಾಕಿದೆ. ಮೇಲೆ ತಾರೀಖಿತ್ತು, ಕೆಳಗೆ ಅಂಕಿತವಿತ್ತು. ಮರುವರ್ಷ ಸುಗ್ಗಿಯಲ್ಲಿ ಯಾರೋ ಆ ಒಂದು ಸಾಲನ್ನಷ್ಟೇ ಕಿತ್ತು ತೆಗೆದು ಮತ್ತೆ ಹರಿಯಬಿಟ್ಟರು. 'ಈ ಗುರುವಾರ' ಎಂಬ ಮಾತಿಗೆ ತಾರೀಖು ಇಲ್ಲದಿದ್ದರೆ ಎಲ್ಲ ಗುರುವಾರವೂ ಈ ಗುರುವಾರವೇ. ಕುಂದಗೋಳದ ಕಡೆಯ ನಮ್ಮ ಸೋದರಮಾವ ಚೀಲ ಹೊಲಿದು, ಗಾಡಿಗೆ ಮುಂಗಡ ಕೊಟ್ಟು, ರಾತ್ರಿ ಆ ಮೆಸೇಜು ನೋಡಿ ಗಾಡಿ ಬೇಡವೆಂದು ಹೇಳಿಬಿಟ್ಟರು. ಟೆಂಡರ್ ಎಂದಿನಂತೆ ನಡೆಯಿತು. ಮುಂಗಡ ತಿರುಗಿ ಬರಲಿಲ್ಲ. ಆ ಸಾಲು ಮೂಲತಃ ನನ್ನದೆಂದು ಮಾವನಿಗೆ ನಾನು ಇನ್ನೂ ಹೇಳಿಲ್ಲ, ಈ ಪತ್ರ ಅವರ ಗ್ರೂಪಿಗೂ ಹೋಗುವುದರಿಂದ ಇಂದು ಗೊತ್ತಾಗುತ್ತದೆ.

ಈ ಯಂತ್ರ ಹೇಗೆ ನಡೆಯುತ್ತದೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ, ಆದರೂ ಒಂದೆರಡು ಸಂಗತಿ ನೆನಪಿಸುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಮೆಸೇಜನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ದೇಶದ ಬೇರೆ ಕಡೆಗಳಲ್ಲಿಯೂ ಅಂಥ ಸಾವುಗಳಾದ ಆ ತಿಂಗಳುಗಳಲ್ಲಿಯೇ ಮುಂದಕ್ಕೆ ಕಳಿಸಿದ ಮೆಸೇಜಿನ ಮೇಲೆ 'ಫಾರ್ವರ್ಡೆಡ್' ಎಂಬ ಗುರುತು ಬಂದದ್ದು, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಕಳಿಸಬಹುದೆಂಬ ಮಿತಿ ಬಂದದ್ದು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಎರಡು ಬಾಣದ ಗುರುತು ಹತ್ತಿಸಿಕೊಂಡ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದಾಯಿತು. ಆದರೆ ಬಾಣದ ಗುರುತು ಎಷ್ಟು ಕೈ ದಾಟಿತೆಂಬುದನ್ನು ಸೂಚಿಸುತ್ತದೆಯೇ ಹೊರತು ಯಾವ ಕೈಯಿಂದ ಹೊರಟಿತೆಂದು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ಕಿಂಡಿಯೆಂದರೆ, ಮೆಸೇಜನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಆ ಗುರುತೂ ಅಳಿಸಿಹೋಗಿ, ಹಳಸಿದ್ದು ಈಗಷ್ಟೇ ಒಲೆಯಿಂದ ಇಳಿಸಿದಂತೆ ಕಾಣುತ್ತದೆ. ಹೀಗೆ ಅಂಟಿಸುವ ಹೊತ್ತಿನಲ್ಲಿಯೇ ಹೆಸರೂ ತಾರೀಖೂ ಹೋಗುವುದು. ಇಂಥದ್ದನ್ನು ಯಾವ ಯಂತ್ರವೂ ತಾನಾಗಿ ಮಾಡಲಾರದು. ಒಬ್ಬ ಮನುಷ್ಯ ಕೆಳಗಿನ ಸಾಲಿನವರೆಗೆ ಬೆರಳೆಳೆದು, ಅದನ್ನು ಬಿಟ್ಟು, ಮೇಲಿನದನ್ನಷ್ಟೇ ಹಿಡಿದುಕೊಳ್ಳಬೇಕು.

ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಹೊರಗಿನಿಂದ ಅಂಟಿಸಿದ ಹೆಸರು ನಿಲ್ಲುವುದಿಲ್ಲ ಎಂಬುದು ನಮ್ಮ ಭಾಗದ ಹಿರಿಯರಿಗೆ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ. ಅವರು ಅಂಕಿತವನ್ನು ಹಾಡಿನ ಹೊಟ್ಟೆಯೊಳಗೇ ಹೊಲಿದಿಟ್ಟರು. ನನ್ನ ತವರು ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಕೀರ್ತನೆಯ ಕೊನೆಗೆ ತಂದ ಕನಕದಾಸರು, ಶಿಶುನಾಳಧೀಶನನ್ನು ಕರೆದ ಷರೀಫರು, ಗದುಗಿನ ವೀರನಾರಾಯಣನನ್ನು ನೆನೆದ ಕುಮಾರವ್ಯಾಸ, ಮೂರು ಸಾಲು ಮುಗಿದೊಡನೆ ತನ್ನ ಹೆಸರು ಕೂಗುವ ಸರ್ವಜ್ಞ, ಇವರೆಲ್ಲ ಈ ಮೂರು ಜಿಲ್ಲೆಗಳ ಸುತ್ತಮುತ್ತಲಿನವರೇ. ನಮ್ಮ ಕಾಲಕ್ಕೆ ಬಂದರೆ ಧಾರವಾಡದ ಬೇಂದ್ರೆಯವರು ಅಂಬಿಕೆಯ ಮಗನೆಂಬ ಅರ್ಥದಲ್ಲಿ ಅಂಬಿಕಾತನಯದತ್ತರಾದರು. ಇವುಗಳನ್ನು ಕೇಳಿದ ಯಾರಿಗೂ ಇದು ಹೆಸರಿನ ಹಪಾಹಪಿ ಅನಿಸಿಲ್ಲ. ಬಸವಣ್ಣನವರು ಕೂಡಲಸಂಗಮದೇವ ಎಂದರು, ಅಲ್ಲಮರು ಗುಹೇಶ್ವರ ಎಂದರು, ಅಕ್ಕ ಚೆನ್ನಮಲ್ಲಿಕಾರ್ಜುನ ಎಂದಳು. ದೇವರ ಹೆಸರನ್ನಿಟ್ಟುಕೊಂಡರೂ ಮಾತು ಯಾರದೆಂಬುದು ಗುರುತಾಯಿತು. ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನವರಂತೂ ತಮ್ಮ ಸ್ವಂತ ಹೆಸರನ್ನೇ ಅಂಕಿತ ಮಾಡಿಕೊಂಡರು, ಅಷ್ಟು ಖಡಕ್ಕಾಗಿ ಬೈದ ಮೇಲೆ ಬೈದವರು ಯಾರೆಂದು ತಿಳಿಸುವುದು ನ್ಯಾಯವೂ ಹೌದು.

1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಹಾಕಿದಾಗ, ಸಾವಿರಾರು ವಚನಗಳಲ್ಲಿ ಯಾವುದು ಯಾರದೆಂದು ಬೇರ್ಪಡಿಸಲು ಮೊದಲ ಆಧಾರವಾದದ್ದು ಇದೇ ಅಂಕಿತ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಆ ವ್ಯಾಜ್ಯದ ಸರಿ-ತಪ್ಪುಗಳಿಗೆ ನಾನಿಲ್ಲಿ ಕೈಹಾಕುವುದಿಲ್ಲ. ಸಾಲಿನ ಕೊನೆಯ ಒಂದು ಪದಕ್ಕಾಗಿ ದಿಲ್ಲಿಯವರೆಗೆ ಹೋದ ಜನ ನಾವು ಎಂಬುದಷ್ಟೇ ನನಗೆ ಬೇಕಾದ ಸಂಗತಿ. ಅದೇ ಜನ ಇಂದು ಮುಂಜಾನೆ ಒಂಬತ್ತು ಬರಹಗಳ ಕೊನೆಯ ಸಾಲನ್ನು ಕಿತ್ತು ಕಳಿಸಿದ್ದಾರೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಕೃತಿಸ್ವಾಮ್ಯ ಕಾಯ್ದೆ 1957ರಷ್ಟು ಹಳೆಯದು. ಬರೆದೊಡನೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೆಯೂ, ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ ಎಂದು ಅದರ 57ನೆಯ ಕಲಂ ಹೇಳುತ್ತದೆ. ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ನಡೆಯುವುದರಿಂದ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಬರಹಕ್ಕೆ 2041ರ ಕೊನೆಯವರೆಗೂ ವಾರಸುದಾರರಿದ್ದಾರೆ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಆದವರು ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ಹಾಗಾಗಿ ನಿಶ್ಚಿಂತೆಯಿಂದ ಮುಂದೆ ಓದಿರಿ.

ಹೆಸರನ್ನು ಉಳಿಸಿಕೊಳ್ಳಲು ನಾನೂ ಹಿರಿಯರ ದಾರಿ ಹಿಡಿದು ನೋಡಿದೆ. ಕೊನೆಯಲ್ಲಿ ಬರೆದರೆ ಕತ್ತರಿಸುತ್ತಾರೆಂದು ಲೇಖನದ ನಡುವೆ, 'ಬ್ಯಾಡಗಿಯವಳಾದ ನಾನು ಕಂಡಂತೆ' ಎಂದು ಒಂದು ವಾಕ್ಯದೊಳಗೆ ಹೊಲಿದೆ. ಅದು ತಿರುಗಿ ಬಂದಾಗ 'ಶಿವಮೊಗ್ಗದವನಾದ ನಾನು ಕಂಡಂತೆ' ಎಂದಾಗಿತ್ತು. ಊರು ಬದಲಾದದ್ದು ಹಾಗಿರಲಿ, ನಾನು ಗಂಡಸೂ ಆಗಿಬಿಟ್ಟಿದ್ದೆ. ಪುಣ್ಯಕ್ಕೆ ಎರಡು ಸಾಲು ಕೆಳಗಿದ್ದ 'ನನ್ನ ಅತ್ತೆಮನೆಯಲ್ಲಿ' ಎಂಬುದನ್ನು ಅವರು ನೋಡಿರಲಿಲ್ಲ.

ನಾನು ಪೂರ್ತಿ ಶುದ್ಧಳೇನೂ ಅಲ್ಲ. ಕೆಲವು ವರ್ಷಗಳ ಹಿಂದೆ ಮಳೆಯ ಮೇಲಿನ ಒಂದು ಪದ್ಯ ಓದಿ ಮನಸ್ಸು ತುಂಬಿ, ಯಾರದೆಂದು ನೋಡದೆ ಶಾಲೆಯ ಶಿಕ್ಷಕರ ಗ್ರೂಪಿಗೆ ಕಳಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ, ಎಂದೂ ಹೆಚ್ಚು ಮಾತನಾಡದ ನಮ್ಮ ಗಣಿತದ ಮಾಸ್ತರರು ಚಹಾದ ಲೋಟ ಕೆಳಗಿಟ್ಟು, "ಮೇಡಮ್ಮಾರ, ನಾನು ಬರದಿದ್ದು ನಿಮಗ ಸೇರ್ತೇನ್ರಿ?" ಎಂದು ಕೇಳಿದರು. ಅವರು ಪದ್ಯ ಬರೆಯುತ್ತಾರೆಂದು ಅದುವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡಿದ್ದೆವು.

ನಿಮ್ಮಲ್ಲಿ ನಾನು ಬೇಡುವುದು ದೊಡ್ಡದೇನಲ್ಲ. ಗ್ರೂಪಿನ ವಿವರಣೆ ಬರೆಯುವ ಜಾಗದಲ್ಲಿ, ಬೇರೆಯವರು ಬರೆದದ್ದನ್ನು ಹಾಕುವಾಗ ಹೆಸರು ಮತ್ತು ತಾರೀಖು ತೆಗೆಯಬಾರದು ಎಂದು ಒಂದು ಸಾಲು ಬರೆಯಿರಿ. ಹೆಸರಿಲ್ಲದ ಬರಹ ಬಂದರೆ ಹಾಕಿದವರನ್ನು ಗದರಿಸಬೇಡಿ, 'ಯಾರು ಬರೆದದ್ದು ರೀ?' ಎಂದು ಒಂದು ಸಲ ಎಲ್ಲರೆದುರು ಕೇಳಿರಿ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಬರೆಯಲಿ, ಖಾಲಿ ಜಾಗ ಕಂಡ ತಕ್ಷಣ ಕಲಾಂ ಅವರನ್ನೋ ಬುದ್ಧನನ್ನೋ ಸರ್ವಜ್ಞನನ್ನೋ ಕೂಡಿಸುವುದು ಬೇಡ. ಸರ್ವಜ್ಞನ ಹೆಸರಿನಲ್ಲಿ ಯಾರು ಯಾರೋ ಕಟ್ಟಿದ ತ್ರಿಪದಿಗಳು ಈಗಾಗಲೇ ಸಾಕಷ್ಟು ಸೇರಿಕೊಂಡಿವೆ. ಔಷಧ, ಮಾರುಕಟ್ಟೆ, ಶಾಲೆಯ ರಜೆ, ಅರ್ಜಿಯ ಕೊನೆಯ ದಿನ, ಇಂಥ ವಿಷಯದ ಮೆಸೇಜಿಗೆ ತಾರೀಖಿಲ್ಲದಿದ್ದರೆ ಮಾತ್ರ ಸಂಕೋಚವಿಲ್ಲದೆ ಅಳಿಸಿರಿ. ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ 2022ರಿಂದ ಅಡ್ಮಿನ್‌ಗಳ ಕೈಗೆ ಬಂದಿದೆ, ಅದನ್ನು ಬರೀ ರಾಜಕೀಯದ ಜಗಳ ಬಿಡಿಸಲು ಇಟ್ಟುಕೊಳ್ಳಬೇಡಿ. ಇನ್ನು ತಿದ್ದುಪಡಿ ಬಂದಾಗ ಅದನ್ನು ಯಾರೂ ಮುಂದಕ್ಕೆ ಕಳಿಸುವುದಿಲ್ಲ, ಏಕೆಂದರೆ ತಿದ್ದುಪಡಿಯಲ್ಲಿ ರುಚಿಯಿಲ್ಲ. ಆ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ.

ಮೊದಲನೆಯ ತಿದ್ದುಪಡಿಯನ್ನು ನಾನೇ ಕೊಡುತ್ತೇನೆ. ನಿಮ್ಮ ಗ್ರೂಪಿನಲ್ಲಿ 'ಕರ್ನಾಟಕದ ಬ್ಯಾಡಗಿ' ಎಂದು ಶುರುವಾಗುವ ಆ ಮೆಣಸಿನಕಾಯಿಯ ಮೆಸೇಜು ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಅದರ ಕೆಳಗೆ ಇಷ್ಟನ್ನು ಅಂಟಿಸಿಬಿಡಿ: ಡಬ್ಬಿ ಗಿಡ್ಡ, ಕಡ್ಡಿ ಉದ್ದ, ಸಕ್ಕರೆ ಕಾಯಿಲೆಯ ಸಾಲು ಮೂಲ ಲೇಖನದಲ್ಲಿಲ್ಲ, ತೊಟ್ಟು ಮುರಿಯುವ ಹೆಂಗಸರ ಪ್ಯಾರಾ ಬಿಟ್ಟುಹೋಗಿದೆ. ಕುಂದಗೋಳದ ಕಡೆಯ ಗ್ರೂಪಿನವರು ಇನ್ನೊಂದು ಸಾಲು ಸೇರಿಸಬೇಕು: ಮಾವಾ, ಗಾಡಿಯ ಮುಂಗಡ ನಾನು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬ್ಯಾಡಗಿಯವಳು